ಮಾದರಿ ಕೊಟ್ಟವರಿಗೆ ಮದ್ದು ಎಂದು? ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳಿಗೆ ಒಂದು ಬಹಿರಂಗ ಪತ್ರ

ಗೆ,
ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳ ಪ್ರತಿನಿಧಿಗಳು, ಜಿನೀವಾ
(ಭಾರತ ಸರ್ಕಾರದ ನಿಯೋಗದ ವಿಶೇಷ ಗಮನಕ್ಕೆ)

ವಿಷಯ: ಜಾಗತಿಕ ಸಾಂಕ್ರಾಮಿಕ ಒಪ್ಪಂದಕ್ಕೆ ಸೇರಬೇಕಾದ ರೋಗಾಣು ಹಂಚಿಕೆ ಮತ್ತು ಲಾಭ ಹಂಚಿಕೆಯ ಅನುಬಂಧದ ಕುರಿತು

ಡಿಸೆಂಬರ್ 2025

ಮಾನ್ಯರೇ,

ನಾನು ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನವಳು. ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 28 ವರ್ಷ ಪ್ರಯೋಗಶಾಲಾ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾಗಿದ್ದೇನೆ. ಜ್ವರ ಬಂದವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿ ರಕ್ತ ತೆಗೆಯುವುದು, ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುವುದು ನನ್ನ ಕೆಲಸವಾಗಿತ್ತು. ಆ ಪೆಟ್ಟಿಗೆ ಹೊರಟ ಮೇಲೆ ಏನಾಗುತ್ತದೆ ಎಂದು ಕೇಳುವ ಅಧಿಕಾರ ನನಗಿರಲಿಲ್ಲ. ಈಗ ನಿವೃತ್ತಿಯಾಗಿದೆ, ಕೇಳುತ್ತಿದ್ದೇನೆ.

ನಮ್ಮ ಪಕ್ಕದ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬ ಕಾಡಿದೆ. 1957ರಲ್ಲಿ ಅಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದವರು ಜ್ವರ ಹಿಡಿದು ಮಲಗಿದರು. ಅಲ್ಲಿಯವರೆಗೆ ಏಷ್ಯಾದಲ್ಲಿ ಇಲ್ಲದ ಹಳದಿ ಜ್ವರ ಇಲ್ಲಿಗೂ ಕಾಲಿಟ್ಟಿತೇ ಎಂದು ವಿಜ್ಞಾನಿಗಳು ಗಾಬರಿಯಾದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಬಂದು ಮಾದರಿಗಳನ್ನು ಕೊಂಡೊಯ್ದು ಪರೀಕ್ಷಿಸಿದಾಗ ಅದು ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಕಾಣುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಇನ್ನೊಂದು ಹೊಸ ವೈರಾಣು ಎಂದು ಗೊತ್ತಾಯಿತು. ಈ ವೈರಾಣುವನ್ನು ಹರಡುವ ಉಣುಗುಗಳನ್ನು ವಲಸೆ ಹಕ್ಕಿಗಳು ಹೊತ್ತು ತಂದವೇ ಎಂಬ ಅನುಮಾನವೂ ಆಗ ಹುಟ್ಟಿತ್ತು. ಪಕ್ಷಿತಜ್ಞ ಡಾ. ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ನಡೆಸಿದ ವಲಸೆ ಅಧ್ಯಯನಕ್ಕೆ ನಿಮ್ಮ ಸಂಸ್ಥೆಯೇ ನೆರವು ಕೊಟ್ಟಿತ್ತು. ಆದ್ದರಿಂದ ನಮ್ಮ ಕಾಡು ನಿಮಗೆ ತೀರಾ ಅಪರಿಚಿತವಲ್ಲ. ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ನಿಮ್ಮ ಸಂಸ್ಥೆ 2015ರಲ್ಲಿ ಸೂಚನೆ ಹೊರಡಿಸಿತು. ಆ ಹೊತ್ತಿಗೆ ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೇರಿ ಅರ್ಧ ಶತಮಾನ ದಾಟಿತ್ತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ.

ಈ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಸೊಪ್ಪಿನಬೆಟ್ಟದಲ್ಲಿ ತರಗೆಲೆ ಗುಡಿಸಿ ಕೊಟ್ಟಿಗೆಗೆ ತರುವ ಕಾಲವೂ ಅದೇ. ಕಾಡಿಗೆ ಹೋಗಬೇಡಿ ಎಂದು ನಾವು ಮನೆಮನೆಗೆ ಹೋಗಿ ಹೇಳುತ್ತಿದ್ದೆವು. ಸೌದೆ, ಸೊಪ್ಪು, ದನದ ಮೇವು ಎಲ್ಲವೂ ಕಾಡಿನಿಂದಲೇ ಬರಬೇಕಾದವರಿಗೆ ಆ ಮಾತು ಹೇಗೆ ಕೇಳಿಸಿರಬೇಕೆಂದು ನನಗೆ ಗೊತ್ತು, ಏಕೆಂದರೆ ನಮ್ಮ ಮನೆಯ ಕೊಟ್ಟಿಗೆಗೂ ತರಗೆಲೆ ಅಲ್ಲಿಂದಲೇ ಬರುತ್ತಿತ್ತು. ಉಣುಗು ಕಚ್ಚದಂತೆ ಕೈಕಾಲಿಗೆ ಸವರಿಕೊಳ್ಳಲು ಎಣ್ಣೆ ಹಂಚುತ್ತಿದ್ದೆವು. ಮಧ್ಯಾಹ್ನದ ಬೆವರಿಗೆ ಅದು ತೊಳೆದುಹೋಗುತ್ತಿತ್ತು. ಜ್ವರ ಒಮ್ಮೆಲೇ ಏರುತ್ತದೆ, ತಲೆ ಸಿಡಿಯುತ್ತದೆ, ಸೊಂಟ ಮತ್ತು ಮೀನಖಂಡ ಹಿಡಿದುಕೊಳ್ಳುತ್ತವೆ, ಕೆಲವರಿಗೆ ವಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಇರುವ ಔಷಧಿ ಇಂದಿಗೂ ಇಲ್ಲ. ದಶಕಗಳ ಕಾಲ ನಾವು ಚುಚ್ಚಿದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಕಂಡು ಕೆಲವು ವರ್ಷಗಳ ಹಿಂದೆ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸ ಈಗ ನಡೆದಿದೆ. ವೈರಾಣು ಪತ್ತೆಯಾಗಿ 68 ವರ್ಷವಾಯಿತು.

2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಉಲ್ಬಣಿಸಿತು. ಆ ಬೇಸಿಗೆಯಲ್ಲಿ ಬೇರೊಂದು ಊರಿನ ಒಬ್ಬ ಕೂಲಿ ಹೆಣ್ಣುಮಗಳ ರಕ್ತವನ್ನು ನಾನು ಎರಡು ಸಲ ತೆಗೆಯಬೇಕಾಗಿ ಬಂತು. ಎರಡನೆಯ ಸಲ ಅವಳು ತೋಳು ಚಾಚಲಿಲ್ಲ. "ಅಕ್ಕಾ, ಹೋದ ವರ್ಷ ನಮ್ಮ ಮಾವನ ರಕ್ತ ತೆಗೆದುಕೊಂಡು ಹೋದಿರಿ. ಅದರಲ್ಲಿ ಏನಿತ್ತು ಎಂದು ಇವತ್ತಿನವರೆಗೂ ಯಾರೂ ಬಂದು ಹೇಳಲಿಲ್ಲ" ಎಂದಳು. ಅವಳ ಮಾವ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಏನೋ ಸಮಾಧಾನ ಹೇಳಿ ತೋಳು ಚಾಚಿಸಿದೆ, ರಕ್ತ ತೆಗೆದೆ, ಪೆಟ್ಟಿಗೆಗೆ ಹಾಕಿದೆ. ಅವಳು ಗುಣವಾದಳು. ಅವಳ ಎರಡನೆಯ ಮಾದರಿಯ ವರದಿ ನಮ್ಮ ಕೈಗೆ ಬಂದಾಗ ಅವಳು ಮತ್ತೆ ಕೂಲಿಗೆ ಹೋಗತೊಡಗಿ ವಾರವಾಗಿತ್ತು. ಆ ಕಾಗದವನ್ನು ಅವಳ ಮನೆಗೆ ಕೊಂಡೊಯ್ದು ಕೊಟ್ಟೆ. ಮಾವನ ವರದಿಯನ್ನು ಹುಡುಕಿದೆ, ಸಿಗಲಿಲ್ಲ.

ಮಂಗನ ಕಾಯಿಲೆ ನೀವು ಚರ್ಚಿಸುತ್ತಿರುವ ಅನುಬಂಧದ ವ್ಯಾಪ್ತಿಗೆ ಬರುವುದಿಲ್ಲವೆಂದು ನನಗೆ ಗೊತ್ತಿದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ; ವಿಮಾನ ಹತ್ತಿ ನಿಮ್ಮ ರಾಜಧಾನಿಗಳಿಗೆ ಬರುವುದಿಲ್ಲ. ನಮ್ಮ ಕಾಯಿಲೆಗೊಂದು ವಿನಾಯಿತಿ ಬೇಡಲು ನಾನು ಬರೆಯುತ್ತಿಲ್ಲ. ಜಗತ್ತಿನಲ್ಲಿ ಹೊಸ ರೋಗವೊಂದು ಎಲ್ಲೇ ಕಾಣಿಸಿಕೊಳ್ಳಲಿ, ಮೊದಲು ಒಬ್ಬ ರೋಗಿ ತೋಳು ಚಾಚಬೇಕು, ನನ್ನಂಥ ಒಬ್ಬಳು ರಕ್ತ ತೆಗೆಯಬೇಕು. ನಿಮ್ಮ ಇಡೀ ವ್ಯವಸ್ಥೆ ನಿಂತಿರುವುದು ಆ ತೋಳಿನ ಮೇಲೆ. ಅದನ್ನು ಚಾಚಿದವರಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ನಿಮ್ಮ ಮೇಜಿನ ಮೇಲೆ ಇರುವುದರಿಂದ ಬರೆಯುತ್ತಿದ್ದೇನೆ.

2021ರ ಡಿಸೆಂಬರ್‌ನಲ್ಲಿ ನೀವೆಲ್ಲ ಸೇರಿ, ಕೋವಿಡ್‌ನಲ್ಲಿ ಆದದ್ದು ಮತ್ತೆ ಆಗಬಾರದು, ಅದಕ್ಕೊಂದು ಒಪ್ಪಂದ ಬೇಕು ಎಂದು ತೀರ್ಮಾನಿಸಿದಿರಿ. ಮೂರು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆಯಿತು. 2025ರ ಮೇ ತಿಂಗಳಲ್ಲಿ ಸಮಿತಿಯಲ್ಲಿ ಮತಕ್ಕೆ ಹಾಕಿದಾಗ 124 ರಾಷ್ಟ್ರಗಳು ಪರವಾಗಿ ನಿಂತವು, ವಿರೋಧಿಸಿದವರು ಯಾರೂ ಇರಲಿಲ್ಲ, 11 ರಾಷ್ಟ್ರಗಳು ತಟಸ್ಥವಾಗಿದ್ದವು. ಮೇ 20ರಂದು ನಿಮ್ಮ ವಿಶ್ವ ಆರೋಗ್ಯ ಮಹಾಸಭೆ ಒಪ್ಪಂದವನ್ನು ಅಂಗೀಕರಿಸಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನಿಜವಾಗಿ ಸಂತೋಷವಾಯಿತು. ಮುಂದೆ ಓದಿದಾಗ ತಿಳಿದದ್ದು, ಒಪ್ಪಂದದ ಹೃದಯಭಾಗವನ್ನೇ ಮುಂದೂಡಲಾಗಿದೆ ಎಂದು. ರೋಗಾಣುಗಳನ್ನು ಹಂಚಿಕೊಳ್ಳುವುದು ಹೇಗೆ, ಅವುಗಳಿಂದ ತಯಾರಾದ ಲಸಿಕೆ, ಔಷಧಿ, ಪರೀಕ್ಷಾ ಸಾಧನಗಳನ್ನು ಹಂಚುವುದು ಹೇಗೆ ಎಂಬುದನ್ನು ಒಂದು ಅನುಬಂಧಕ್ಕೆ ಬಿಡಲಾಯಿತು. ಅದು ಅಂಗೀಕಾರವಾಗುವವರೆಗೆ ಒಪ್ಪಂದಕ್ಕೆ ಯಾವ ದೇಶವೂ ಸಹಿ ಹಾಕುವಂತಿಲ್ಲ. ಸಹಿಯ ನಂತರ 60 ದೇಶಗಳು ಅನುಮೋದಿಸಿದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. 2026ರ ಮೇ ಮಹಾಸಭೆಯ ಮುಂದೆ ಅನುಬಂಧವನ್ನು ತರಬೇಕೆಂದು ನೀವೇ ಗೊತ್ತುಮಾಡಿಕೊಂಡಿದ್ದೀರಿ.

ನನ್ನ ದೂರು ಇಲ್ಲಿಂದ ಶುರುವಾಗುತ್ತದೆ.

2005ರಲ್ಲಿ ಪರಿಷ್ಕರಿಸಿ 2007ರಿಂದ ಜಾರಿಗೆ ತಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ ಪ್ರಕಾರ, ಜಗತ್ತಿಗೆ ಅಪಾಯ ತರಬಹುದಾದ ರೋಗವೊಂದು ಯಾವುದೇ ದೇಶದಲ್ಲಿ ಕಂಡರೆ, ಅದನ್ನು ಹಾಗೆಂದು ಗುರುತಿಸಿದ 24 ಗಂಟೆಯೊಳಗೆ ಸಂಸ್ಥೆಗೆ ತಿಳಿಸಬೇಕು. ಇದು ಕಡ್ಡಾಯ, ಕಾನೂನು. ಹಾಗೆ ತಿಳಿಸಿದ ದೇಶಕ್ಕೆ ಲಸಿಕೆ ಎಷ್ಟು ಗಂಟೆಯಲ್ಲಿ ತಲುಪಬೇಕು? ಅದಕ್ಕೆ ಯಾವ ನಿಯಮಾವಳಿಯಲ್ಲೂ ಗಡುವಿಲ್ಲ. ಆ ಭಾಗ ಬಂದಾಗ ನಿಮ್ಮ ಭಾಷೆ ಬದಲಾಗುತ್ತದೆ: ಪ್ರೋತ್ಸಾಹಿಸಬೇಕು, ಪರಿಗಣಿಸಬೇಕು, ಸ್ವಯಂಪ್ರೇರಿತವಾಗಿ, ಪರಸ್ಪರ ಒಪ್ಪಿದ ಷರತ್ತುಗಳ ಮೇಲೆ. ಕೊಡುವವರಿಗೆ ಕಾನೂನು, ಕೊಳ್ಳುವವರಿಗೆ ಸೌಜನ್ಯ. ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿ ಇಟ್ಟುಕೊಂಡಿದ್ದೀರಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಎರಡು ತಕ್ಕಡಿಯ ವಿಷಯವನ್ನು ನಿಮ್ಮ ಮುಂದೆ ಮೊದಲು ಗಟ್ಟಿಯಾಗಿ ಎತ್ತಿದ ದೇಶ ಇಂಡೋನೇಷ್ಯಾ. ಅಲ್ಲಿ ಹಕ್ಕಿಜ್ವರದಿಂದ ಜನ ಸಾಯುತ್ತಿದ್ದರು. ದೇಶ ತನ್ನ ರೋಗಿಗಳ ಮಾದರಿಗಳನ್ನು ನಿಯಮದಂತೆ ಸಂಸ್ಥೆಯ ಪ್ರಯೋಗಾಲಯಗಳ ಜಾಲಕ್ಕೆ ಕಳುಹಿಸುತ್ತಿತ್ತು. ಆ ಮಾದರಿಯಿಂದ ಆಸ್ಟ್ರೇಲಿಯಾದ ಕಂಪನಿಯೊಂದು ಲಸಿಕೆ ತಯಾರಿಸುತ್ತಿದೆ, ಅದನ್ನು ಕೊಳ್ಳುವ ಶಕ್ತಿ ತಮಗೇ ಇರುವುದಿಲ್ಲ ಎಂದು ಅಲ್ಲಿನ ಸರ್ಕಾರಕ್ಕೆ ಅರಿವಾಯಿತು. 2007ರಲ್ಲಿ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಅವರು, ನ್ಯಾಯವಾದ ವ್ಯವಸ್ಥೆ ಆಗುವವರೆಗೆ ಮಾದರಿ ಕಳುಹಿಸುವುದಿಲ್ಲ ಎಂದುಬಿಟ್ಟರು. ಜಗತ್ತಿನ ಆರೋಗ್ಯವನ್ನು ಒತ್ತೆ ಇಟ್ಟರು ಎಂದು ಅವರನ್ನು ಅನೇಕರು ದೂಷಿಸಿದರು. ಮಾದರಿ ತಡೆಹಿಡಿಯುವುದನ್ನು ನಾನೂ ಒಪ್ಪುವುದಿಲ್ಲ; ನನ್ನ ವೃತ್ತಿಯೇ ಅದಕ್ಕೆ ವಿರುದ್ಧ. ಆದರೆ ಆ ಸಚಿವೆ ಬಾಗಿಲು ಮುಚ್ಚದಿದ್ದರೆ ನೀವು ಮಾತುಕತೆಗೆ ಕೂರುತ್ತಿದ್ದಿರಾ? ನಾಲ್ಕು ವರ್ಷ ಚರ್ಚಿಸಿ, 2011ರ ಮೇನಲ್ಲಿ ನೀವು ಇನ್‌ಫ್ಲುಯೆಂಜಾ ಸಾಂಕ್ರಾಮಿಕ ಸಿದ್ಧತಾ ಚೌಕಟ್ಟನ್ನು ಅಂಗೀಕರಿಸಿದಿರಿ; ಹಕ್ಕಿಜ್ವರವೂ ಇನ್‌ಫ್ಲುಯೆಂಜಾದ ಒಂದು ಬಗೆ. ಅದರಂತೆ ಮಾದರಿ ಪಡೆಯುವ ಕಂಪನಿಗಳು ಸಂಸ್ಥೆಯ ಜೊತೆ ಕರಾರಿಗೆ ಸಹಿ ಹಾಕುತ್ತವೆ, ಸಾಂಕ್ರಾಮಿಕ ಬಂದಾಗ ತಯಾರಿಯ ಒಂದು ಪಾಲನ್ನು ಸಂಸ್ಥೆಗೆ ಒದಗಿಸಲು ಮೊದಲೇ ಒಪ್ಪುತ್ತವೆ. ಜಾಲದ ಪ್ರಯೋಜನ ಪಡೆಯುವ ಕಂಪನಿಗಳೆಲ್ಲ ಸೇರಿ ವರ್ಷಕ್ಕೆ 2.8 ಕೋಟಿ ಡಾಲರ್ ವಂತಿಗೆ ಕೊಡಬೇಕೆಂದು ನಿಗದಿಯಾಯಿತು.

ಕರಾರು ಕಡ್ಡಾಯ ಮಾಡಿದರೆ ಕಂಪನಿಗಳು ಓಡಿಹೋಗುತ್ತವೆ, ಸಂಶೋಧನೆ ನಿಂತುಹೋಗುತ್ತದೆ ಎಂದು ಇಂದು ನಿಮ್ಮಲ್ಲಿ ಹಲವರು ವಾದಿಸುತ್ತಿದ್ದೀರಿ. ಇನ್‌ಫ್ಲುಯೆಂಜಾ ವೈರಾಣುವಿನ ವಿಷಯದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕರಾರು ಇದೆ. ಯಾರೂ ಓಡಿಹೋಗಲಿಲ್ಲ. ಪ್ರತಿ ವರ್ಷ ಇನ್‌ಫ್ಲುಯೆಂಜಾ ಲಸಿಕೆ ತಯಾರಾಗುತ್ತಲೇ ಇದೆ. ನಿಮ್ಮದೇ ಮನೆಯಲ್ಲಿ ನಡೆದು ತೋರಿಸಿದ ಪದ್ಧತಿಯನ್ನು ಉಳಿದ ರೋಗಾಣುಗಳಿಗೆ ವಿಸ್ತರಿಸಲು ಏಕೆ ಹಿಂಜರಿಯುತ್ತೀರಿ?

ದಕ್ಷಿಣ ಆಫ್ರಿಕಾಕ್ಕೆ ನೀವು ಮಾಡಿದ್ದನ್ನೂ ನೆನಪಿಸಬೇಕು. 2021ರ ನವೆಂಬರ್ 24ರಂದು ಅಲ್ಲಿನ ವಿಜ್ಞಾನಿಗಳು ಕೋವಿಡ್‌ನ ಹೊಸ ರೂಪಾಂತರವನ್ನು ಸಂಸ್ಥೆಗೆ ವರದಿ ಮಾಡಿದರು. ಎರಡು ದಿನದಲ್ಲಿ ಅದಕ್ಕೆ ಒಮಿಕ್ರಾನ್ ಎಂಬ ಹೆಸರು ಬಂತು. ಅಷ್ಟೇ ಬೇಗ ಅವರಿಗೆ ಸಿಕ್ಕ ಪ್ರತಿಫಲವೆಂದರೆ ಬ್ರಿಟನ್, ಯುರೋಪ್, ಅಮೆರಿಕ ಒಂದಾದ ಮೇಲೊಂದು ಹೇರಿದ ಪ್ರಯಾಣ ನಿರ್ಬಂಧ. ಸಂಸ್ಥೆ ಬೇಡವೆಂದು ಹೇಳಿತು, ನೀವು ಕೇಳಲಿಲ್ಲ. ಪರೀಕ್ಷೆಗೆ ಬೇಕಾದ ರಾಸಾಯನಿಕಗಳೂ ವಿಮಾನದಲ್ಲೇ ಬರಬೇಕು ಎಂದು ಅಲ್ಲಿನ ವಿಜ್ಞಾನಿಗಳು ಗೋಗರೆಯಬೇಕಾಯಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು; ಎರಡೂ ಕರ್ನಾಟಕದವು. ಅವರಲ್ಲೊಬ್ಬರು ವಿದೇಶಕ್ಕೆ ಹೋಗಿಯೇ ಇರದ ವೈದ್ಯರು. ಆ ಸುದ್ದಿ ಬಂದ ದಿನ ಆರೋಗ್ಯ ಕೇಂದ್ರದಲ್ಲಿ ಮೂಗಿನ ದ್ರವದ ಮಾದರಿ ತೆಗೆಯುತ್ತಾ ನಾನು ಯೋಚಿಸಿದೆ: ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಆ ಬಾಗಿಲು ಬಡಿದದ್ದು, ಕೊಳ್ಳೆಯ ಸುದ್ದಿ ತಂದು ಕೊಟ್ಟವನ ಮುಖಕ್ಕೆ. ಮುಂದಿನ ಸಲ ಹೊಸ ರೋಗಾಣು ಕಂಡ ದೇಶ 24 ಗಂಟೆಯಲ್ಲಿ ಬಾಯಿಬಿಡುತ್ತದೆ ಎಂದು ನೀವು ಯಾವ ಧೈರ್ಯದಿಂದ ನಂಬುತ್ತೀರಿ?

ಇನ್ನು ಕಾಂಗೋ. ಎಂಪಾಕ್ಸ್ (ಹಿಂದೆ ಮಂಕಿಪಾಕ್ಸ್ ಎನ್ನುತ್ತಿದ್ದ, ಸಿಡುಬನ್ನು ಹೋಲುವ) ರೋಗ ಮನುಷ್ಯರಲ್ಲಿ ಮೊದಲು ದಾಖಲಾದದ್ದು 1970ರಲ್ಲಿ, ಆ ದೇಶದಲ್ಲೇ. ಐವತ್ತು ವರ್ಷ ಅಲ್ಲಿನ ಮಕ್ಕಳು ಅದರಿಂದ ನರಳಿದರು. 2022ರಲ್ಲಿ ಅದು ಯುರೋಪ್ ಮತ್ತು ಅಮೆರಿಕದ ನಗರಗಳಿಗೆ ಬಂದ ಕೂಡಲೇ ಸಿಡುಬಿಗೆಂದು ದಾಸ್ತಾನು ಮಾಡಿದ್ದ ಲಸಿಕೆಗಳು ಗೋದಾಮಿನಿಂದ ಹೊರಬಂದವು.  ಜುಲೈನಲ್ಲಿ ತುರ್ತುಸ್ಥಿತಿ ಘೋಷಣೆಯಾಯಿತು, ಅಲ್ಲಿ ರೋಗ ಇಳಿಯಿತು, ಮರುವರ್ಷ ಆ ಘೋಷಣೆಯನ್ನು ಹಿಂತೆಗೆದುಕೊಂಡದ್ದೂ ಆಯಿತು. ಕಾಂಗೋದಲ್ಲಿ ಮಾತ್ರ ರೋಗ ಇಳಿಯಲಿಲ್ಲ. 2024ರ ಆಗಸ್ಟ್ 14ರಂದು ಮತ್ತೆ ತುರ್ತುಸ್ಥಿತಿ ಘೋಷಿಸಬೇಕಾಯಿತು. ಲಸಿಕೆಯ ಮೊದಲ ಕಂತು ಆ ದೇಶದ ನೆಲ ಮುಟ್ಟಿದ್ದು ಸೆಪ್ಟೆಂಬರ್ 5ರಂದು. 1970ರಿಂದ 2024. ಕ್ಯಾಸನೂರಿನ ನೆರೆಯವಳಾದ ನನಗೆ ಈ ಲೆಕ್ಕ ಅರ್ಥವಾಗುವಷ್ಟು ಸುಲಭವಾಗಿ ನಿಮಗೆ ಅರ್ಥವಾಗಲಿಕ್ಕಿಲ್ಲ.

ಇವೆಲ್ಲ ಸಂಸ್ಥೆಯ ತಪ್ಪು ಎನ್ನುವವರು ನಿಮ್ಮಲ್ಲೇ ಇದ್ದಾರೆ. ತಪ್ಪುಗಳು ನಡೆದಿವೆ. 2014ರ ಮಾರ್ಚ್‌ನಲ್ಲಿ ಗಿನಿಯಲ್ಲಿ ಎಬೋಲಾ ದೃಢಪಟ್ಟಿತು. ಸಂಸ್ಥೆ ತುರ್ತುಸ್ಥಿತಿ ಘೋಷಿಸಿದ್ದು ಆಗಸ್ಟ್ 8ರಂದು. ಅಲ್ಲಿ ದುಡಿಯುತ್ತಿದ್ದ ವೈದ್ಯರ ತಂಡಗಳು ಜೂನ್‌ನಲ್ಲೇ ಪರಿಸ್ಥಿತಿ ಕೈಮೀರಿದೆ ಎಂದು ಕೂಗಿ ಹೇಳಿದ್ದವು. ಕೊನೆಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ಸೆಪ್ಟೆಂಬರ್‌ನಲ್ಲಿ ಸಭೆ ಸೇರಿ ನಿರ್ಣಯ ಮಾಡಿತು, ಪ್ರತ್ಯೇಕ ತುರ್ತು ಆರೋಗ್ಯ ನಿಯೋಗ ಹುಟ್ಟಿತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 11,300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ನನ್ನಂತೆ ರಕ್ತ ತೆಗೆಯುತ್ತಿದ್ದವರೂ, ದಾದಿಯರೂ ಇದ್ದರು. ಈ ವಿಳಂಬವನ್ನು ಯಾವ ನೆಪದಿಂದಲೂ ಮುಚ್ಚಲಾಗದು. ಆದರೆ ಅದಕ್ಕೂ ಮೊದಲೇ ಸಾಂಕ್ರಾಮಿಕ ನಿಭಾಯಿಸುವ ವಿಭಾಗದ ಹಣವನ್ನು, ಸಿಬ್ಬಂದಿಯನ್ನು ಕಡಿತ ಮಾಡಿಸಿದವರು ಯಾರು? ಸಂಸ್ಥೆಗೆ ಸ್ವಂತ ಖಜಾನೆಯಿಲ್ಲ, ಸ್ವಂತ ಪೊಲೀಸರಿಲ್ಲ, ಯಾವ ದೇಶದ ಗಡಿಯನ್ನೂ ಕೇಳದೆ ದಾಟುವ ಅಧಿಕಾರವಿಲ್ಲ. ಬಹುಕಾಲ ಅದರ ಆಯವ್ಯಯದ ಐದನೆಯ ಒಂದು ಭಾಗವೂ ನಿಮ್ಮ ಕಡ್ಡಾಯ ವಂತಿಗೆಯಿಂದ ಬರುತ್ತಿರಲಿಲ್ಲ. ಉಳಿದದ್ದು ಕೊಡುವವರ ಇಷ್ಟದಂತೆ, ಅವರು ಹೇಳಿದ ಕೆಲಸಕ್ಕೆ. ಕೈಕಾಲು ಕಟ್ಟಿ ಹೊಳೆಗೆ ಬಿಟ್ಟು, ಈಜಲಿಲ್ಲವೆಂದು ದಡದಲ್ಲಿ ನಿಂತು ಬೈಯುವುದು ಸರಿಯಲ್ಲ. ಸಂಸ್ಥೆ ಎಂದರೆ ನೀವೇ, 194 ರಾಷ್ಟ್ರಗಳು.

ಕೈಗೆ ಬಲ ಕೊಟ್ಟಾಗ ಇದೇ ಸಂಸ್ಥೆ ಏನು ಮಾಡಿತು ಎಂಬುದಕ್ಕೆ ನನ್ನ ಎಡ ತೋಳಿನ ಮೇಲಿರುವ ಸಿಡುಬಿನ ಲಸಿಕೆಯ ಗುರುತೇ ಸಾಕ್ಷಿ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದರ ಮೇಲೊಂದು ಕ್ಷಿಪಣಿ ಗುರಿಯಿಟ್ಟು ಕುಳಿತಿದ್ದ ಕಾಲದಲ್ಲೂ ಸಿಡುಬಿನ ವಿಷಯಕ್ಕೆ ಕೈಜೋಡಿಸಿದವು. 1980ರ ಮೇನಲ್ಲಿ ಆ ರೋಗ ಭೂಮಿಯಿಂದ ತೊಲಗಿತೆಂದು ನಿಮ್ಮ ಸಭೆ ಸಾರಿತು. ನನ್ನ ಮಕ್ಕಳ ತೋಳಿನ ಮೇಲೆ ಆ ಗುರುತು ಇಲ್ಲ. ಆದ್ದರಿಂದಲೇ 2025ರ ಜನವರಿಯಲ್ಲಿ ಅಮೆರಿಕ ಸಂಸ್ಥೆಯಿಂದ ಹೊರಬೀಳುವ ಆದೇಶ ಹೊರಡಿಸಿದಾಗ ನನಗೆ ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಯಿತು. ಅದೇ ವರ್ಷದ ಮೇನಲ್ಲಿ ನೀವು ಕಡ್ಡಾಯ ವಂತಿಗೆಯನ್ನು ಶೇ. 20ರಷ್ಟು ಏರಿಸಲು ಒಪ್ಪಿದ್ದನ್ನು ಕೃತಜ್ಞತೆಯಿಂದ ಸ್ಮರಿಸುತ್ತೇನೆ. ಅದನ್ನು ಸಮಯಕ್ಕೆ ಸರಿಯಾಗಿ ಕಟ್ಟಿರಿ.

ಈಗ ನನ್ನ ದೇಶದ ನಿಯೋಗಕ್ಕೆ ಎರಡು ಮಾತು. 2020ರ ಅಕ್ಟೋಬರ್ 2ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಸೇರಿ, ಕೋವಿಡ್ ಮುಗಿಯುವವರೆಗೆ ಲಸಿಕೆ ಮತ್ತು ಔಷಧಿಗಳ ಮೇಲಿನ ಪೇಟೆಂಟ್ ಹಕ್ಕುಗಳನ್ನು ಸಡಿಲಿಸಿರಿ ಎಂದು ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಕೇಳಿದವು. ಆ ದಿನ ನಾನು ಹೆಮ್ಮೆಪಟ್ಟೆ. ತೀರ್ಮಾನ ಬಂದದ್ದು 2022ರ ಜೂನ್ 17ರಂದು, ಅದೂ ಲಸಿಕೆಗೆ ಮಾತ್ರ, ಹಲವು ಷರತ್ತುಗಳೊಡನೆ. ಅಷ್ಟರಲ್ಲಿ ಸಾಯುವವರು ಸತ್ತಾಗಿತ್ತು. ಆದರೆ ನಾವೂ ಸಂಪೂರ್ಣ ಶುದ್ಧಹಸ್ತರಲ್ಲ. 2021ರ ವಸಂತದಲ್ಲಿ ಎರಡನೆಯ ಅಲೆ ನಮ್ಮನ್ನು ಹೊಡೆದಾಗ ನಾವು ಲಸಿಕೆಯ ರಫ್ತು ನಿಲ್ಲಿಸಿದೆವು. ಬಡ ದೇಶಗಳಿಗೆಂದು ಹುಟ್ಟಿದ ಕೋವ್ಯಾಕ್ಸ್ ವ್ಯವಸ್ಥೆ ಪುಣೆಯ ಕಾರ್ಖಾನೆಯನ್ನೇ ನೆಚ್ಚಿಕೊಂಡಿತ್ತು. ಆ ವರ್ಷದ ಕೊನೆಗೆ 200 ಕೋಟಿ ಡೋಸ್ ತಲುಪಿಸುವ ಗುರಿಯಲ್ಲಿ ಅರ್ಧವನ್ನೂ ಅದು ಮುಟ್ಟಲಿಲ್ಲ. ಶ್ರೀಮಂತ ದೇಶಗಳು ತಮ್ಮ ಜನಸಂಖ್ಯೆಗೆ ಹಲವು ಪಟ್ಟು ಡೋಸ್‌ಗಳನ್ನು ಮೊದಲೇ ಕಾಯ್ದಿರಿಸಿಕೊಂಡದ್ದು ಇದಕ್ಕೆ ದೊಡ್ಡ ಕಾರಣ, ಆದರೆ ನಮ್ಮ ನಿಲುಗಡೆಯೂ ಒಂದು ಕಾರಣ. ನಮ್ಮವರು ಆಮ್ಲಜನಕವಿಲ್ಲದೆ ಪರದಾಡುತ್ತಿದ್ದಾಗ ಬೇರೆ ಏನು ಮಾಡಬಹುದಿತ್ತು ಎಂದು ಕೇಳುತ್ತೀರಿ. ನಿಜ, ನನಗೂ ಆ ದಿನಗಳಲ್ಲಿ ಹಾಗೆಯೇ ಅನಿಸಿತ್ತು. ಆದರೆ ಅದೇ ಕಾರಣಕ್ಕೆ ಮೊದಲೇ ಬರೆದಿಟ್ಟ ಕರಾರು ಬೇಕು. ಹೆಣಗಳ ಮಧ್ಯೆ ನಿಂತವರು ಔದಾರ್ಯದಿಂದ ನಡೆದುಕೊಳ್ಳುತ್ತಾರೆ ಎಂದು ನೆಚ್ಚಿಕೊಂಡು ಜಗತ್ತು ಕೂರಬಾರದು, ನಮ್ಮನ್ನೂ ನೆಚ್ಚಿಕೊಂಡು ಕೂರಬಾರದು.

ಭಾರತ ಮಾದರಿ ಕೊಡುವ ದೇಶವೂ ಹೌದು, ಲಸಿಕೆ ಮಾಡಿ ಮಾರುವ ದೇಶವೂ ಹೌದು. ನಾಳೆ ಉಗಾಂಡಾದ ಅಥವಾ ಕಾಂಗೋದ ರೋಗಿಯ ರಕ್ತದಿಂದ ಹೈದರಾಬಾದಿನಲ್ಲೋ ಪುಣೆಯಲ್ಲೋ ಲಸಿಕೆ ತಯಾರಾಗಬಹುದು. ಆಗ ನಮ್ಮ ಕಂಪನಿಗಳೂ ಅದೇ ಕರಾರಿಗೆ ಸಹಿ ಹಾಕಬೇಕು. ಕೊಡುವಾಗ ಒಂದು ಮಾತು, ಮಾರುವಾಗ ಇನ್ನೊಂದು ಮಾತು ನಮ್ಮ ನಿಯೋಗದಿಂದ ಬರಬಾರದೆಂದು ಕೈಮುಗಿದು ಕೇಳುತ್ತೇನೆ.

ನಿಮ್ಮೆಲ್ಲರಲ್ಲಿ ನನ್ನ ಕೋರಿಕೆ ಇಷ್ಟು. ಮಾದರಿಯನ್ನಾಗಲಿ, ಅದರಿಂದ ತೆಗೆದ ವೈರಾಣುವಿನ ಜೀನ್ ಅನುಕ್ರಮದ ಮಾಹಿತಿಯನ್ನಾಗಲಿ ಪಡೆಯುವ ಪ್ರತಿಯೊಬ್ಬರೂ ಹೆಸರು ನೋಂದಾಯಿಸಿ, ಕರಾರಿಗೆ ಸಹಿ ಹಾಕಿಯೇ ಪಡೆಯಬೇಕು. ಈಗ ಸೀಸೆಯಲ್ಲಿ ರಕ್ತ ಸಾಗಿಸುವ ಅಗತ್ಯವೇ ಕಡಿಮೆಯಾಗುತ್ತಿದೆ. ಅನುಕ್ರಮವನ್ನು ಕಂಪ್ಯೂಟರಿನಲ್ಲಿ ಏರಿಸಿದರೆ ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ಲಸಿಕೆ ರೂಪಿಸಬಹುದು. ಸೀಸೆಗೆ ನಿಯಮ ಮಾಡಿ ಅನುಕ್ರಮವನ್ನು ಬಿಟ್ಟರೆ ಬಾಗಿಲಿಗೆ ಬೀಗ ಹಾಕಿ ಗೋಡೆ ಒಡೆದಿಟ್ಟಂತೆ. ನಾನು ಒಂದು ಸೀಸೆ ರಕ್ತ ಕಳುಹಿಸುವಾಗ ರೋಗಿಯ ಹೆಸರು, ವಯಸ್ಸು, ಊರು, ಜ್ವರ ಬಂದ ದಿನ, ನನ್ನ ಸಹಿ ಎಲ್ಲವನ್ನೂ ನಮೂದಿಸಬೇಕಿತ್ತು. ಒಂದು ಕಲಂ ಖಾಲಿ ಬಿಟ್ಟರೂ ಮಾದರಿ ವಾಪಸ್ ಬರುತ್ತಿತ್ತು. ಕೊಡುವವರಿಗೆ ಇಷ್ಟು ಕಟ್ಟುನಿಟ್ಟು ಇರುವಾಗ, ಕೊಂಡೊಯ್ಯುವವರು ತಮ್ಮ ಹೆಸರನ್ನಾದರೂ ಹೇಳಲಿ.

ಎರಡನೆಯದು, ಶೇಕಡಾವಾರು ಪಾಲಿನ ವಿಷಯ. ತಯಾರಕರು ತಮ್ಮ ಉತ್ಪಾದನೆಯ ಶೇ. 20ರಷ್ಟನ್ನು ಸಂಸ್ಥೆಗೆ ಒದಗಿಸಬೇಕು, ಅದರಲ್ಲಿ ಒಟ್ಟು ಉತ್ಪಾದನೆಯ ಕನಿಷ್ಠ ಶೇ. 10 ದಾನವಾಗಿರಬೇಕು, ಉಳಿದದ್ದನ್ನು ಕೈಗೆಟುಕುವ ಬೆಲೆಗೆ ಕೊಡಬೇಕು ಎಂದು ಒಪ್ಪಂದದಲ್ಲಿ ಬರೆದಿದ್ದೀರಿ. ಆದರೆ ಆ ಅಂಕಿ ಇರುವುದು, ಈವರೆಗೆ ಘೋಷಿಸುತ್ತಿದ್ದ ತುರ್ತುಸ್ಥಿತಿಗಿಂತ ಮೇಲಿನ ಹಂತವಾದ ಜಾಗತಿಕ ಸಾಂಕ್ರಾಮಿಕ ತುರ್ತುಸ್ಥಿತಿ ಬಂದಾಗ. ಎಬೋಲಾ ಆ ಮಟ್ಟಕ್ಕೆ ಏರಲಿಲ್ಲ, ಎಂಪಾಕ್ಸ್ ಕೂಡ ಏರಲಿಲ್ಲ. ರೋಗ ಕೆಲವೇ ದೇಶಗಳಲ್ಲಿ ಇರುವಾಗ, ಅಂದರೆ ತಡೆಯಲು ಸಾಧ್ಯವಿರುವಾಗಲೇ ಲಸಿಕೆ ಅಲ್ಲಿಗೆ ತಲುಪಬೇಕು. ಆ ಹಂತಕ್ಕೂ ನಿಶ್ಚಿತವಾದ ಪಾಲನ್ನು, ನಿಶ್ಚಿತವಾದ ಗಡುವನ್ನು ಅನುಬಂಧದಲ್ಲಿ ಬರೆಯಿರಿ. ಜೊತೆಗೆ, ಮಾದರಿ ಕೊಟ್ಟ ಪ್ರದೇಶದಲ್ಲೇ ಲಸಿಕೆ ತಯಾರಿಸಲು ಪರವಾನಗಿ ಕೊಡುವುದನ್ನು ಕರಾರಿನ ಭಾಗ ಮಾಡಿರಿ. ದಾನ ಬರುವವರೆಗೆ ಕಾಯುವವರಾಗಿಯೇ ಯಾರೂ ಉಳಿಯಬಾರದು.

ಕೊನೆಯದು ಸಣ್ಣ ಕೋರಿಕೆ. ನಿಮ್ಮ ಕಾನೂನು ತಜ್ಞರಿಗೆ ಇದು ಅನುಬಂಧದಲ್ಲಿ ಸೇರಿಸುವಷ್ಟು ದೊಡ್ಡದಲ್ಲ ಎನಿಸಬಹುದು. ಮಾದರಿಯೊಂದು ಅಂತರರಾಷ್ಟ್ರೀಯ ಜಾಲಕ್ಕೆ ಸೇರಿದರೆ, ಅದರಿಂದ ಏನು ತಿಳಿಯಿತು, ಅದು ಏನಕ್ಕೆ ಬಳಕೆಯಾಯಿತು ಎಂಬ ವರದಿ ಅದು ಹೊರಟ ಆರೋಗ್ಯ ಕೇಂದ್ರಕ್ಕೆ ವಾಪಸ್ ಬರಬೇಕು, ಅಲ್ಲಿನ ಜನರ ಭಾಷೆಯಲ್ಲಿ, ಒಂದು ಪುಟದಲ್ಲಿ. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಮುಂದಿನ ಸಲ ರಕ್ತ ತೆಗೆಯಲು ಹೋಗುವ ಹುಡುಗಿಯ ಕೈಯಲ್ಲಿ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ನಮ್ಮಲ್ಲಿ ಅಡಿಕೆ ಕೊಯ್ಲು ನಡೆಯುತ್ತಿದೆ. ತರಗೆಲೆ ಉದುರತೊಡಗಿದೆ. ಮೊನ್ನೆ ನನ್ನ ಜಾಗಕ್ಕೆ ಬಂದಿರುವ ತಂತ್ರಜ್ಞೆ ಫೋನ್ ಮಾಡಿ, ಈ ವರ್ಷದ ಸೀಸೆ, ಸೂಜಿ, ಐಸ್ ಪೆಟ್ಟಿಗೆ ಎಲ್ಲ ಬಂದಿವೆ, ಮನೆಮನೆಗೆ ಹೋಗಿ ಜ್ವರದವರನ್ನು ಹುಡುಕುವ ಕೆಲಸ ಶುರುವಾಗಿದೆ ಎಂದಳು. ಕೆಲವರು ತೋಳು ಕೊಡುವುದಿಲ್ಲ, ಏನು ಹೇಳಲಿ ಎಂದು ಕೇಳಿದಳು. ನಾನು ಹೇಳುತ್ತಿದ್ದ ಹಳೆಯ ಸಮಾಧಾನದ ಮಾತನ್ನೇ ಅವಳಿಗೂ ಹೇಳಿಕೊಟ್ಟಿದ್ದೇನೆ. ಅದಕ್ಕಿಂತ ಒಳ್ಳೆಯದೊಂದು ಉತ್ತರವನ್ನು ನಿಮ್ಮಿಂದ ನಿರೀಕ್ಷಿಸುತ್ತೇನೆ.

ಈ ಪತ್ರದ ಪ್ರತಿಯನ್ನು ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಯೋಗಶಾಲಾ ತಂತ್ರಜ್ಞೆ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ